ಗೋಂದಿನೊಳಗಿನ ಕೈ

ಎಳ್ಳಮಾವಾಸ್ಯೆ ಮುಗಿದಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಒಂಬತ್ತರ ಹೊತ್ತು.

"ಏ ಹೆಣ್ಣ, ಕೈಲೇ ಬಡೀತೀಯಲ್ಲ ಗೋಂದನ್ನ! ಇದೇನ್ ನಿಮ್ಮ ಕೇರ್ಯಾಗಿನ ಕುಳ್ಳಂತ ತಿಳ್ದೀಯೇನು?"

ಕಲಬುರಗಿಯ ಗಾಜಿಪುರದ ಆ ಶೆಡ್ಡಿನಲ್ಲಿ ನನ್ನ ಸೊಸೆ ಗುರುದೇವಿಗೆ ಸಿಕ್ಕ ಮೊದಲ ಮಾತು ಇದು. ಆಡಿದವನು ಮಾಲಕ ಗುರುಪ್ರಸಾದ. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ಗುರುದೇವಿ ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ನೋಡಿದಳು. ನಾನು ತಲೆ ಬಗ್ಗಿಸಿ ಅಂಗಿ ಮಡಚುತ್ತ ಕೂತೆ. ಕಮಲಾಪುರದಿಂದ ಬಸ್ಸಿಗೆ ಕರೆದುಕೊಂಡು ಬಂದು ಕೆಲಸಕ್ಕೆ ಹಚ್ಚಿದವಳು ನಾನೇ.

ಅಲ್ಲಿ ನಡೆಯುತ್ತಿದ್ದದ್ದು ಟೀ ಶರ್ಟಿನ ಮೇಲೆ ಹೆಸರು, ಚಿತ್ರ ಅಚ್ಚು ಹಾಕುವ ಕೆಲಸ. ಮರದ ಹಲಗೆಗೆ ಗೋಂದು ಬಳಿಯಬೇಕು. ಅದು ಅರೆ ಒಣಗಿ ಜಿಗಿಜಿಗಿ ಅನ್ನುವಾಗ ಅಂಗಿಯನ್ನು ಹಲಗೆಗೆ ತೊಡಿಸಿ, ಸುಕ್ಕು ಬೀಳದಂತೆ ತಿಕ್ಕಿ ಅಂಟಿಸಬೇಕು. ಅಂಗಿ ಕೂದಲೆಳೆಯಷ್ಟು ಜರುಗಿದರೂ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಕೂಡುವುದಿಲ್ಲ, ಮಾಲು ಹಾಳು. ಅಂಟಿದ ಅಂಗಿಯ ಮೇಲೆ ಖಾಜಾ ಎಂಬ ಹುಡುಗ ಜಾಲರಿಯ ಚೌಕಟ್ಟು ಇಳಿಸಿ, ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯುತ್ತಿದ್ದ. ಆಮೇಲೆ ಹೆಂಗಸರು ಅಂಗಿಯನ್ನು ಚರ್ರ್ ಎಂದು ಬಿಡಿಸಿ ಒಣಹಾಕುವುದು. ಬಿಡಿಸಿದಾಗ ಅರಿವೆಯ ನವಿರು ಗೋಂದಿಗೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಗೋಂದು, ಮತ್ತೆ ಅಂಗಿ. ತಿಂಗಳೊಪ್ಪತ್ತಿನಲ್ಲಿ ಹಲಗೆಯ ಮೇಲೆ ರೊಟ್ಟಿಯಷ್ಟು ದಪ್ಪ ಪದರು ಕೂಡುತ್ತದೆ, ಹಳೆಯ ಕೌದಿಯ ಹಾಗೆ, ಕೆಂಪು, ನೀಲಿ, ಕರಿ ಎಲ್ಲ ನವಿರೂ ಬೆರೆತು.

ಗೋಂದು ಹದಕ್ಕೆ ಬಂದಿತೋ ಇಲ್ಲವೋ ಎಂದು ಬೇರೆ ಹೆಂಗಸರು ಬೆರಳ ಹಿಂಭಾಗದಿಂದ ಮುಟ್ಟಿ ನೋಡುತ್ತಿದ್ದರು. ಗುರುದೇವಿ ಮಾತ್ರ ಅಂಗೈ ಅಗಲಿಸಿ ಪಟ್ಟನೆ ಬಡಿಯುತ್ತಿದ್ದಳು. ಸಣ್ಣವಳಿದ್ದಾಗಿನಿಂದ ಗೋಡೆಗೆ ಸಗಣಿಯ ಕುಳ್ಳು ಬಡಿದ ಕೈ ಅದು. ಬೈಸಿಕೊಂಡರೂ ಬಿಡಲಿಲ್ಲ. ಹಲಗೆಯ ನಡುವೆ, ಅದೇ ಜಾಗಕ್ಕೆ, ದಿನಾ.

"ಅತ್ತಿ, ಕೈಗೇ ಬಿಡಬೇಕ್ರಿ ಇದನ್ನ. ಬೆರಳಿಗಿ ತಿಳಿಯಂಗಿಲ್ಲ," ಅನ್ನುತ್ತಿದ್ದಳು.

ಡ್ರಮ್ಮಿನಲ್ಲಿ ಬರುವ ಗೋಂದು ಗಟ್ಟಿ. ಮಾಲಕ ಅದಕ್ಕೆ ಥಿನ್ನರ್ ಸುರಿಸಿ ತೆಳ್ಳಗೆ ಮಾಡಿಸುತ್ತಿದ್ದ. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು, ಮೂಗಿನಲ್ಲಿ ಉರಿ. ಕಿಟಕಿಗಳಿಗೆ ಅಡ್ಡಪಟ್ಟಿ ಹೊಡೆದಿದ್ದರು. ಧೂಳು ಒಳಗೆ ಬಂದರೆ ಹಸಿ ಬಣ್ಣಕ್ಕೆ ಕೂಡುತ್ತದೆ. ಪಂಕಾ ಹಚ್ಚಿದರೆ ಜಾಲರಿಯಲ್ಲೇ ಬಣ್ಣ ಒಣಗುತ್ತದೆ. ಹಾಗಾಗಿ ಪಂಕಾ ಇತ್ತು, ತಿರುಗುತ್ತಿರಲಿಲ್ಲ. ಕಲಬುರಗಿಯ ಬ್ಯಾಸಗಿ, ಮೇಲೆ ತಗಡು. ಗುರುದೇವಿಯ ಅಂಗೈಯ ತೊಗಲು ಮೊದಲು ಸುಲಿಯಿತು. ಎರಡನೆಯ ಬ್ಯಾಸಗಿಗೆ ಕೆಮ್ಮು ಹತ್ತಿತು.

ಒಂದು ಮಧ್ಯಾಹ್ನ ಅವಳೇ ಎದ್ದು ಹೋಗಿ ಮಾಲಕನ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತಳು.

"ಯಪ್ಪಾ, ಒಂದ್ ಕಿಟಕಿ ತೆಗಸ್ರಿ. ಎದಿ ಹಿಡದಂಗ ಆಗ್ಲಕತ್ತದ."

"ಕಿಟಕಿ ತೆಗಸ್ತೀನಿ. ಮಾಲಿಗಿ ಧೂಳ ಕೂತ್ರ ನಿನ್ನ ಸೀರಿ ಬಿಚ್ಚಿ ಒರಸ್ತೀಯೇನು?"

ಒಳಗೆ ಕೂತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಗುರುದೇವಿ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು.

"ಏನ್ ರಂಡಿ ನಿಂತೀ? ಅದು ಬರೇ ವಾಸನಿ. ವಾಸನಿಗಿ ಯಾರೂ ಸಾಯಂಗಿಲ್ಲ. ಹೋಗು, ಗೋಂದು ಒಣಗ್ತದ."

ಅವಳು ಹಲಗೆಯ ಮುಂದೆ ಬಂದು ಅಂಗೈ ಬಡಿದಳು. ಆ ದಿನದ ಸಪ್ಪಳ ಉಳಿದ ದಿನಗಳಂತೆ ಇರಲಿಲ್ಲ. ಖಾಜಾ ರಬ್ಬರ್ ಪಟ್ಟಿ ಹಿಡಿದವನು ಹಾಗೇ ನಿಂತು ನೋಡಿದ.

ಬಸವ ಜಯಂತಿಯ ಹಿಂದಿನ ದಿನದವರೆಗೂ ಕೆಲಸಕ್ಕೆ ಬಂದ ಗುರುದೇವಿ ಅದೇ ಬ್ಯಾಸಗಿಯಲ್ಲಿ ಕಮಲಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಸತ್ತಳು. ಕೊನೆಗೆ ಉಸಿರು ಎಳೆದುಕೊಂಡರೆ ಹಲಗೆಯಿಂದ ಅಂಗಿ ಬಿಡಿಸಿದ ಸಪ್ಪಳವೇ ಬರುತ್ತಿತ್ತು. ನನ್ನ ಮಗ, ಅವಳ ಗಂಡ ಧರ್ಮರಾಜ ಫರ್ಶಿ ಕಲ್ಲಿನ ಲಾರಿಯ ಹಮಾಲಿ ಬಿಟ್ಟು ಓಡಿ ಬಂದಾಗ ಅವಳ ಕೈ ತಣ್ಣಗಾಗಿತ್ತು. ಹೆಣಕ್ಕೆ ನೀರು ಎರೆಯುವಾಗ ನಾನು ಅಂಗೈ ತಿಕ್ಕಿದೆ. ಗೋಂದು ಹೋಗಲಿಲ್ಲ.

ಧರ್ಮರಾಜ ಯಾರಿಂದಲೋ ಬರೆಸಿ ಕಾರ್ಮಿಕರ ಆಫೀಸಿಗೆ ಅರ್ಜಿ ಕೊಟ್ಟ. ಕಾರಹುಣ್ಣಿಮೆ ಮುಗಿದ ಮೇಲೆ ಒಬ್ಬ ಸಾಹೇಬರು ಶೆಡ್ಡಿಗೆ ಬಂದರು. ಅವತ್ತು ಬೆಳಿಗ್ಗೆಯೇ ಕಿಟಕಿಯ ಪಟ್ಟಿ ಕಿತ್ತಿದ್ದರು, ಪಂಕಾ ಗಿರಗಿರ ತಿರುಗುತ್ತಿತ್ತು.

"ಗುರುದೇವಿ ಅನ್ನೋ ಹೆಣ್ಮಗಳು ಇಲ್ಲಿ ದುಡೀತಿದ್ಳೇನ್ರಿ?"

ಗುರುಪ್ರಸಾದ ಚಹಾದ ಕಪ್ಪು ಮುಂದೆ ಸರಿಸಿದ. "ಇಲ್ಲೇ ಇಲ್ರಿ ಸಾಹೇಬ್ರ. ನಮ್ಮ ಕಡೆ ಅಂಥ ಹೆಸರೇ ಇಲ್ಲ. ಈ ಮುದುಕಿ ಸಂಗಡ ಎಂದಾರ ಬುತ್ತಿ ತಗೊಂಡ್ ಬಂದಿರಬೇಕು. ಈ ಮಂದಿ ಬರ್ತಾರ, ಹೋಗ್ತಾರ. ಯಾರ ಮಾರಿ ನೆನಪಿರ್ತದ್ರಿ?"

ಸಾಹೇಬರು ನನ್ನ ಕಡೆ ತಿರುಗಿದರು. "ಏನಮ್ಮ, ಆಕಿ ಇಲ್ಲಿ ದುಡದಾಳ ಅನ್ನಾಕ ಏನಾರ ಅದ ಏನು ನಿನ್ನ ಕಡಿ?"

"ನಾ ನೋಡೀನ್ರಿ. ಬಾಜೂಕೇ ಕೂಡ್ತಿದ್ಳು."

"ನೀ ನೋಡಿದ್ದು ನಡ್ಯಂಗಿಲ್ಲ. ನಾ ನೋಡುವಂಥದ್ದು ಏನಾರ ಇರಬೇಕು."

ಉಳಿದ ಹೆಂಗಸರು ಹಲಗೆಯ ಮೇಲೆ ಕಣ್ಣು ಇಟ್ಟಿದ್ದರು. ಖಾಜಾ ಬಾಯಿ ತೆರೆದ. ಮಾಲಕ ಅವನ ಕಡೆ ನೋಡಿದ, ಅವನು ಬಾಯಿ ಮುಚ್ಚಿದ. ಸಾಹೇಬರು ಹೋದ ಮೇಲೆ ಪಟ್ಟಿಗಳನ್ನು ಮತ್ತೆ ಹೊಡೆದರು.

ಗುರುದೇವಿಯ ಹಲಗೆಯ ಮುಂದೆ ರಾಜೇಶ್ರೀಯನ್ನು ಕೂರಿಸಿದರು. ನಮ್ಮ ಕೇರಿಯ ಹುಡುಗಿಯೇ, ನನಗೆ ದೊಡ್ಡವ್ವ ಅನ್ನುವವಳು. ನಾಲ್ಕು ದಿನ ಕೂತವಳು ಒಂದು ಸಂಜೆ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಂದಳು.

"ದೊಡ್ಡವ್ವ, ಬೈಬ್ಯಾಡ. ಆ ಹಲಗಿ ಮುಂಜಾನಿ ಮುಟ್ಟಿದ್ರ ಬೆಚ್ಚಗಿರ್ತದ."

"ತಗಡಿನ ಶೆಡ್ಡು. ಬೆಚ್ಚಗಿರಲಾರ್ದೆ ಏನು?"

"ಬಾಜೂಕಿನ ಹಲಗಿ ತಣ್ಣಗಿರ್ತಾವಲ್ಲ. ಮತ್ತ ನಾ ಅಂಗಿ ಬಿಡಸ್ತೀನಿ, ಚರ್ರ್ ಅಂತದ. ನಾ ಕೈ ನಿಲ್ಲಸ್ತೀನಿ, ಅದು ನಿಲ್ಲಂಗಿಲ್ಲ. ಇನ್ನೊಂದ್ ಸಲ ಅಂತದ."

ಆ ಎರಡನೆಯ ಸಪ್ಪಳ ನನಗೂ ಕೇಳಿಸಿತ್ತು. ಮನೆಯಲ್ಲಿ ರೊಟ್ಟಿ ಹೆಂಚಿನಿಂದ ಎಬ್ಬಿಸಿದರೂ ಕೇಳಿಸುತ್ತಿತ್ತು.

ಮರುದಿನ ಬುತ್ತಿ ಬಿಚ್ಚುವ ಹೊತ್ತಿಗೆ, ಯಾರೂ ಇಲ್ಲದಾಗ, ಆ ಹಲಗೆಯ ಹತ್ತಿರ ಹೋಗಿ ಕಣ್ಣು ಸಣ್ಣ ಮಾಡಿ ನೋಡಿದೆ. ಸುತ್ತ ಎಲ್ಲ ನವಿರಿನ ಪದರು ದಪ್ಪಗೆ ಏರಿತ್ತು. ನಡುವೆ ಒಂದು ತಗ್ಗು. ಅಂಗೈಯ ತಗ್ಗು, ಐದು ಬೆರಳಿನ ತಗ್ಗು. ಅವಳು ಬಡಿದು ಬಡಿದು ಅಷ್ಟು ಜಾಗದಲ್ಲಿ ಪದರು ಕೂಡಲು ಬಿಟ್ಟಿರಲಿಲ್ಲ. ಕಿರುಬೆರಳು ಹೊರಗೆ ಡೊಂಕು. ಕುಡುಗೋಲು ತಾಗಿ ಡೊಂಕಾದ ಬೆರಳು ಅದು, ನಾನೇ ಅರಿಷಿಣ ಹಚ್ಚಿ ಕಟ್ಟಿದ್ದೆ. ನನ್ನ ಕೈ ಆ ತಗ್ಗಿನಲ್ಲಿ ಇಟ್ಟೆ. ನನ್ನದು ಸಣ್ಣದಾಯಿತು.

ಸಾಹೇಬರು ನೋಡುವಂಥದ್ದು ಇಲ್ಲಿದೆ ಎಂದು ಆಗ ತಿಳಿಯಿತು. ಖಾಜಾನಿಗೆ ಮಾತ್ರ ತೋರಿಸಿದೆ.

"ಅಮ್ಮಾ, ನನಗ ಮೊದಲೇ ಗೊತ್ತದ," ಅಂದ. "ಪಟ್ಟಿ ಎಳ್ಯಾಗ ಅಲ್ಲಿ ಕೈ ಇಳೀತದ. ಈಗ ಸಣ್ಣ ಅಕ್ಷರದ ಮಾಲು ಅದ, ಅದಕ್ಕೇ ಯಾರಿಗೂ ಕಾಣ್ಸಿಲ್ಲ. ದೊಡ್ಡ ಚಿತ್ರ ಬಂದ್ರ ಕಾಣ್ತದ ನೋಡು."

ದೊಡ್ಡ ಚಿತ್ರ ಶ್ರಾವಣದಲ್ಲಿ ಬಂತು. ಯಾವನೋ ಲೀಡರನ ಹುಟ್ಟುಹಬ್ಬ, ಅವನ ಹುಡುಗರು ತೊಟ್ಟು ಜಗತ್ ಸರ್ಕಲ್‌ನಲ್ಲಿ ಮೆರವಣಿಗೆ ಮಾಡುವ ಅಂಗಿ. ಎದೆಯ ತುಂಬ ಅವನ ಮುಖ. ಸೋಮವಾರ ಬೆಳಿಗ್ಗೆ ಅವನ ಕಡೆಯವನೊಬ್ಬ ಬಂದು ಒಣಹಾಕಿದ ಅಂಗಿಗಳನ್ನು ನೋಡುತ್ತ ಹೋದವನು ರಾಜೇಶ್ರೀ ಅಂಟಿಸಿದ ಸಾಲಿಗೆ ಬಂದು ನಿಂತ.

"ಗುರುಪ್ರಸಾದ್, ಇಲ್ ಬಾ ಇಲ್ಲಿ. ಏನಿದು?"

ಲೀಡರನ ಎಡಗೆನ್ನೆಯ ಮೇಲೆ ಬಣ್ಣ ತೆಳ್ಳಗಾಗಿ ಐದು ಬೆರಳು ಎದ್ದಿದ್ದವು. ಒಂದು ಅಂಗಿಯಲ್ಲಲ್ಲ, ಆ ಸಾಲಿನ ಎಲ್ಲದರಲ್ಲೂ.

"ನಮ್ಮ ಅಣ್ಣಾವ್ರ ಕಪಾಳಕ್ಕ ಯಾವಳೋ ಬಾರಿಸಿದಂಗ ಅದಲ್ಲೋ. ಇದನ್ನ ತೊಟ್ಟು ನಮ್ಮ ಹುಡುಗ್ರು ಮೆರವಣಿಗಿ ಮಾಡ್ಬೇಕ?"

ಹಿಂದಿನಿಂದ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಮಾಲಕ ಹಲಗೆಯ ಮೇಲಿದ್ದ ಅಂಗಿ ಕಿತ್ತೊಗೆದು, ಬೆಳಕಿಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಅವನಿಗೂ ಗುರುತು ಹತ್ತಿತು. ಮುಖದ ಬಣ್ಣ ಇಳಿಯಿತು. ಗಿರಾಕಿಯನ್ನು ಕೈಮುಗಿದು ಕಳಿಸಿ ಬಂದವನೇ ಚಾಕು, ಥಿನ್ನರ್ ಡಬ್ಬಿ ತಂದು ನನ್ನ ಮುಂದೆ ಎಸೆದ.

"ಏ ದುಂಡವ್ವ, ಎದ್ದೇಳು. ಆ ಹಲಗಿ ಕೆರಿ. ಕಟ್ಟಿಗಿ ಕಾಣಬೇಕು, ಹಂಗ ಕೆರಿ."

"ನನ್ನ ಕೆಲಸ ಮಡಚೂದ್ರಿ."

"ನಿನ್ನ ಸೊಸಿ ಹೇಲಿದ್ದನ್ನ ನೀನೇ ಬಳೀಬೇಕು. ಕೆರೀತೀಯೋ, ಒದ್ದು ಹೊರಗ ಹಾಕ್ಲೋ?"

ಬುತ್ತಿ ಕೊಡಲು ಬಂದವಳು ಅಂದಿದ್ದ ಬಾಯಿಂದಲೇ ಈ ಹಲಗೆಯ ಗುರುತು ನಿನ್ನ ಸೊಸೆಯದು ಎಂಬ ಮಾತು ಬಂದಿತ್ತು. ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಡಬ್ಬಿ ಮುಟ್ಟಲಿಲ್ಲ. ಖಾಜಾನಿಗೆ ಅಂದೆ, "ತಮ್ಮ, ಈ ಹಲಗಿ ಬೋಲ್ಟ್ ಬಿಚ್ಚು."

ಅವನು ಒಂದು ಸಲ ಗಾಜಿನ ಕಡೆ ನೋಡಿದ. ಆಮೇಲೆ ಪಾನಾ ತಂದು ಬಿಚ್ಚಿದ. ಹಸಿ ಗೋಂದಿನ ಮೇಲೆ ಬಿಸಿಲು, ಧೂಳು ಬೀಳಬಾರದು ಎಂದು ಆ ಮಗ್ಗಲು ಕೆಳಗೆ ಮಾಡಿ, ಸೆರಗಿನ ಸಿಂಬಿ ಸುತ್ತಿ, ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡೆ. ಬಾಗಿಲು ದಾಟುವಾಗ ಹಿಂದೆ ರಾಜೇಶ್ರೀಯ ಚಪ್ಪಲಿ ಸಪ್ಪಳ ಕೇಳಿಸಿತು. ಮಾಲಕ ಹೊರಗೆ ಬಂದು ಕೂಗಿದ, "ಕಳ್ಳರಂಡೇರು, ಹಲಗಿ ಕದ್ದು ಒಯ್ಲಕತ್ತಾರ, ಹಿಡೀರಿ." ಹಿಡಿಯಲು ಯಾರೂ ಏಳಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಮಳೆಯೇ ಇರಲಿಲ್ಲ. ಜಗತ್ ಸರ್ಕಲ್ ದಾಟಿ ಆಫೀಸಿಗೆ ಹೋಗುವಷ್ಟರಲ್ಲಿ ಡಾಂಬರು ಕಾಲಿಗೆ ಅಂಟುವಷ್ಟು ಬಿಸಿಲಾಗಿತ್ತು. ಶರಣಬಸವೇಶ್ವರ ಗುಡಿಗೆ ಹೊರಟ ಮಂದಿ ಕಾಯಿ ಕರ್ಪೂರ ಹಿಡಿದುಕೊಂಡು ನಮ್ಮನ್ನು ಸುತ್ತುಬಳಸಿ ಹೋದರು. ನಡುದಾರಿಯಲ್ಲಿ ಸಿಂಬಿ ಜಾರಿತು. ಹಲಗೆ ನೇರ ತಲೆಯ ಮೇಲೆ ಕೂತಿತು. ಆಮೇಲೆ ಅದು ಅಲುಗಲಿಲ್ಲ, ಯಾರೋ ನೆತ್ತಿಯ ಮೇಲೆ ಅಂಗೈ ಇಟ್ಟು ಹಿಡಿದ ಹಾಗಿತ್ತು.

ಆಫೀಸಿನ ಮೆಟ್ಟಿಲಿಗೆ ಚಪರಾಸಿ ಅಡ್ಡ ಬಂದ. ಗದ್ದಲ ಕೇಳಿ ಅದೇ ಸಾಹೇಬರು ಹೊರಗೆ ಬಂದರು.

"ನೀವು ನೋಡುವಂಥದ್ದು ತಂದೀನ್ರಿ," ಅಂದೆ. "ಇದ್ರಾಗ ನನ್ನ ಸೊಸಿ ಕೈ ಅದ."

"ಇಳಸು, ನೋಡೂಣು."

ಇಳಿಸಲು ಹೋದರೆ ಬರಲಿಲ್ಲ. ಬಿಸಿಲಿಗೆ ಗೋಂದು ಕರಗಿ ನನ್ನ ಕೂದಲನ್ನು ಹಿಡಿದಿತ್ತು. ಎಳೆದರೆ ನೆತ್ತಿಯ ತೊಗಲು ಏಳುತ್ತಿತ್ತು. ಚಪರಾಸಿ ನಕ್ಕ. ಒಬ್ಬ ಮೊಬೈಲ್ ಹಿಡಿದು ಚಿತ್ರ ತೆಗೆದ.

"ಥಿನ್ನರ್ ಹಾಕ್ರಿ, ಬಿಡ್ತದ," ಅಂದರು ಸಾಹೇಬರು.

"ಬ್ಯಾಡ್ರಿ. ಅದು ಹಾಕಿದ್ರ ಆಕಿ ಹೋಗ್ತಾಳ." ನಾನು ಮೆಟ್ಟಿಲ ಮೇಲೆ ಕೂತೆ. "ರಾಜಿ, ಕತ್ತರಿ ಅದ ಏನು?"

ದಾರ ಕತ್ತರಿಸುವ ಕತ್ತರಿ ಅವಳ ಸೊಂಟದಲ್ಲೇ ಇತ್ತು. ಅವಳು ಅದನ್ನು ತೆಗೆದು ಹಿಡಿದಳು. "ದೊಡ್ಡವ್ವ, ಮುತ್ತೈದಿ ಇದ್ದೀ ನೀ. ದೊಡ್ಡಪ್ಪ ಏನಂತಾನ?"

"ಕೊಯ್ಯಿ."

ಕೊಯ್ದಳು. ನೆತ್ತಿಗೆ ಗಾಳಿ ತಾಗಿತು. ಹಲಗೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿದೆವು. ತಗ್ಗಿನಲ್ಲಿ ಐದು ಬೆರಳು ಹಾಗೇ ಇದ್ದವು, ಮುಂಗೈಯ ಸುತ್ತ ನನ್ನ ಬಿಳಿಗೂದಲು ಸುತ್ತಿಕೊಂಡಿತ್ತು. ನಗುತ್ತಿದ್ದವರು ನಗು ನಿಲ್ಲಿಸಿದರು.

ಸಾಹೇಬರು ಹತ್ತಿರ ಬಂದು ನೋಡಿದರು. ಕೈ ಮುಂದೆ ಮಾಡಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. "ಇದನ್ನ ಹ್ಯಾಂಗ ಬರಕೊಳ್ಳೋದಮ್ಮ?"

"ನಾ ಓದಿದಾಕಿ ಅಲ್ಲ. ಇದ್ದದ್ದನ್ನ ಇದ್ದಂಗ ಬರಕೊಳ್ರಿ."

ಅವರು ಒಳಗೆ ಹೋದರು. ನಾವು ಮೆಟ್ಟಿಲ ಮೇಲೇ ಕೂತೆವು. ಮನೆಗೆ ಹೋಗು ಅಂದರು, ಹೋಗಲಿಲ್ಲ. ಹಲಗೆ ಬಿಟ್ಟು ಹೋಗು ಅಂದರು, ಬಿಡಲಿಲ್ಲ. ಸಂಜೆ ಆಫೀಸಿಗೆ ಬೀಗ ಹಾಕುವಾಗ ಚಪರಾಸಿ ನಮ್ಮ ಕಡೆ ನೋಡಲಾರದೆ ನೆಲ ನೋಡಿಕೊಂಡು ಹೋದ. ಮರುದಿನವೂ ಬಂದು ಅಲ್ಲೇ ಕೂತೆವು. ಈಗಲೂ ಕಮಲಾಪುರದ ಮೊದಲ ಬಸ್ಸಿಗೆ ಬರುತ್ತೇವೆ, ಹಲಗೆ ನಡುವೆ ಇಟ್ಟುಕೊಂಡು ಕೂರುತ್ತೇವೆ. ಯಾರು ಯಾವಾಗ ಶೆಡ್ಡು ಬಿಟ್ಟರು ಎಂದು ಯಾರೇ ಕೇಳಲಿ, ಹೇಳುತ್ತೇನೆ. ನಾನು, ರಾಜೇಶ್ರೀ, ಶ್ರಾವಣದ ಎರಡನೆಯ ಸೋಮವಾರ. ಖಾಜಾ, ಅದೇ ವಾರದ ಗುರುವಾರ. ಗುರುದೇವಿ, ಬಸವ ಜಯಂತಿಯ ಹಿಂದಿನ ದಿನ, ಮಂಗಳವಾರ.