ಗಂಟೆ ಸುಮ್ಮನಿದ್ದ ದಿನ

ಅವಳಿಗೆ ಗಂಟೆ ಎಂಬ ಅಡ್ಡಹೆಸರು ಬಿದ್ದದ್ದು ಅವಳ ಗಂಟಲಿನಿಂದ. ಹಾಸ್ಟೆಲಿನ ಮೆಟ್ಟಿಲ ಬುಡದಲ್ಲಿ ನಿಂತು ಒಂದು ಸಲ ಕೂಗಿದರೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರೂ ಬಗ್ಗಿ ನೋಡುತ್ತಿದ್ದರು. ಅವಳ ಚಿಕ್ಕಮ್ಮನ ಮಗಳು ಇದಕ್ಕೆ ತದ್ವಿರುದ್ಧ. ಅವಳು ಬಾಯಿ ತೆರೆದರೆ ಪಕ್ಕದಲ್ಲಿ ಕೂತವರೂ "ಏನಂದೆ?" ಎಂದು ಕಿವಿ ಹತ್ತಿರ ತರಬೇಕಿತ್ತು. ಹಾಗಾಗಿ ಅವಳು ಪಿಸು. ಅಕ್ಕತಂಗಿಯರ ಮಕ್ಕಳು, ಒಂದೇ ಮನೆಯ ಮೇಲಿನ ಕೆಳಗಿನ ಭಾಗದಲ್ಲಿ ಬೆಳೆದವರು. ಒಬ್ಬಳ ಬಟ್ಟೆ ಇನ್ನೊಬ್ಬಳಿಗೆ, ಒಬ್ಬಳ ಜ್ವರ ಇನ್ನೊಬ್ಬಳಿಗೆ ಎಂಬಂತೆ ದೊಡ್ಡವರಾದರು. ಪಿಸು ಒಂದು ವರ್ಷಕ್ಕೆ ಚಿಕ್ಕವಳು.

ಇಬ್ಬರೂ ಓದುತ್ತಿದ್ದದ್ದು ಧರ್ಮಸಂಸ್ಥೆಯೊಂದು ನಡೆಸುತ್ತಿದ್ದ ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಅಲ್ಲಿ ಪಾಠಕ್ಕೆ ಎಷ್ಟು ಬೆಲೆಯೋ ಪ್ರಾರ್ಥನೆಗೂ ಅಷ್ಟೇ. ವಿದ್ಯಾರ್ಥಿ ಸಂಘಕ್ಕೆ ನಾಲ್ವರು ಪದಾಧಿಕಾರಿಗಳು. ಅಧ್ಯಕ್ಷೆ ಎಲ್ಲರ ಪರವಾಗಿ ಆಡಳಿತದ ಮುಂದೆ ಮಾತಾಡಬೇಕು. ಕಾರ್ಯದರ್ಶಿ ಸಭೆಯಲ್ಲಿ ನಡೆದದ್ದನ್ನು ಬರೆದಿಡಬೇಕು. ಉಪಾಧ್ಯಕ್ಷೆಯ ಕೆಲಸ ಅಧ್ಯಕ್ಷೆಗೆ ಜ್ವರ ಬರಲಿ ಎಂದು ಕಾಯುವುದು ಎಂದು ಹುಡುಗಿಯರು ನಗುತ್ತಿದ್ದರು. ನಾಲ್ಕನೆಯವಳು ಪ್ರಾರ್ಥನಾ ಪ್ರತಿನಿಧಿ. ಬೆಳಗಿನ ಪ್ರಾರ್ಥನೆ ನಡೆಸುವುದು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು, ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ಭಾರವಾಗಿ ಬಂದವರ ಮಾತು ಕೇಳಿ ಅದನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು ಅವಳ ಹೊಣೆ.

ಆ ವರ್ಷ ಗಂಟೆ ಅಧ್ಯಕ್ಷೆಯಾಗಿ ಗೆದ್ದಳು. ಪಿಸುವನ್ನು ಪ್ರಾರ್ಥನಾ ಪ್ರತಿನಿಧಿಯ ಸ್ಥಾನಕ್ಕೆ ನಿಲ್ಲಿಸಿದವಳೂ ಅವಳೇ. "ನಂಗ್ಯಾಕೆ ಅಕ್ಕ ಇದೆಲ್ಲ? ನಾಲ್ಕು ಜನರ ಮುಂದೆ ನಿಂತ್ರೆ ಕೈಕಾಲು ನಡುಗುತ್ತೆ" ಎಂದು ಪಿಸು ಹಿಂದೆ ಸರಿದರೆ, "ನೀನು ಮಾತಾಡೋದೇ ಬೇಡ ಕಣೇ. ಕೇಳಿಸ್ಕೊಳ್ಳೋದೇ ಕೆಲಸ. ಅದನ್ನ ನೀನು ಹುಟ್ಟಿದಾಗಿಂದ ಮಾಡ್ತಿದೀಯ" ಎಂದು ಒಪ್ಪಿಸಿದಳು.

ಹೇಳಿದಂತೆಯೇ ಆಯಿತು. ಮಧ್ಯಾಹ್ನದ ಬಿಡುವಿನಲ್ಲಿ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನಲ್ಲಿ ಪಿಸು ಕೂತಿದ್ದರೆ ಅವಳ ಪಕ್ಕ ಯಾವಾಗಲೂ ಯಾರಾದರೊಬ್ಬರು ಮೂಗು ಒರೆಸಿಕೊಳ್ಳುತ್ತಾ ಇರುತ್ತಿದ್ದರು. ಗಂಟೆಗೆ ಅಷ್ಟು ಬಿಡುವಿರಲಿಲ್ಲ. ರಜಾದಿನವೂ ಗ್ರಂಥಾಲಯ ತೆರೆಸುತ್ತೇನೆ ಎಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದಳು. ಪ್ರಾಂಶುಪಾಲರ ಕೋಣೆಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ಎಲ್ಲರೂ ಅಮ್ಮ ಎಂದು ಕರೆಯುತ್ತಿದ್ದ ಆ ವಯಸ್ಸಾದ ಪ್ರಾಂಶುಪಾಲರು ಬೇಡ ಎನ್ನುತ್ತಲೂ ಇರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ. ಕೊನೆಗೊಂದು ದಿನ, "ಬರುವ ಸಭೆಯಲ್ಲಿ ಆಡಳಿತ ಮಂಡಳಿಯವರ ಮುಂದೆ ಇಡ್ತೀನಿ" ಎಂದರು. ಗಂಟೆಗೆ ಅಂದು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ವಾರವೇ ಪ್ರಾರ್ಥನಾ ಮಂದಿರದ ಬಣ್ಣದ ಗಾಜಿನ ಕಿಟಕಿ ಒಡೆಯಿತು.

ಬೆಳಿಗ್ಗೆ ಹುಡುಗಿಯರು ಬಂದಾಗ ಕಿಟಕಿಯ ಜಾಗದಲ್ಲಿ ಬರೀ ಆಕಾಶ ಕಾಣುತ್ತಿತ್ತು. ಮಂದಿರದೊಳಗೆ ಇರುತ್ತಿದ್ದ ಹಿತ್ತಾಳೆಯ ದೀಪದ ಕಂಬ ಹೊರಗೆ ಹುಲ್ಲಿನ ಮೇಲೆ ಬಿದ್ದಿತ್ತು. ಒಳಗಿನ ಚೂರುಗಳನ್ನೆಲ್ಲ ಯಾರೋ ಆಗಲೇ ಗುಡಿಸಿ ಮೂಲೆಗೆ ಒಟ್ಟಿದ್ದರು. ಪಿಸು ಎಂದಿನಂತೆ ಮುಂದೆ ನಿಂತು ಪ್ರಾರ್ಥನೆ ನಡೆಸಿದಳು. ಅವಳ ತೋರುಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು.

ಆಡಳಿತ ಮಂಡಳಿಗೆ ಕೆಂಡಾಮಂಡಲ ಕೋಪ. ಅಮ್ಮ ಗಂಟೆಯನ್ನು ಕರೆಸಿ, ಯಾರು ಒಡೆದರೆಂದು ತಿಳಿಯುವವರೆಗೆ ಸಂಘದ ಯಾವ ಬೇಡಿಕೆಯನ್ನೂ ಮಂಡಳಿ ಕೇಳುವುದಿಲ್ಲವಂತೆ ಎಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿನ್ನ ತಂಗಿಗೆ ಗೊತ್ತಿರಬಹುದು. ಅವಳಿಂದ ಹೆಸರು ತರ್ತೀಯಾ?" ಎಂದು ಕೇಳಿದರು.

"ತರ್ತೀನಿ ಅಮ್ಮ" ಎಂದಳು ಗಂಟೆ. ಯೋಚಿಸಲು ಉಸಿರೆಳೆದುಕೊಳ್ಳುವಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ.

ಸಂಘದ ಕೋಣೆ ಮೆಟ್ಟಿಲುಗಳ ಕೆಳಗಿತ್ತು. ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ತರಗತಿ ಬಿಟ್ಟಾಗ ಮೇಲಿನಿಂದ ಹೆಜ್ಜೆಗಳ ಸದ್ದು ಧಡಧಡನೆ ಇಳಿಯುತ್ತಿತ್ತು. ಗಂಟೆ ಪಿಸುವನ್ನು ಅಲ್ಲಿಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಬೆರಳಿಗೇನಾಯ್ತು?"

"ಗಾಜು ಗುಡಿಸ್ತಿದ್ದೆ ಅಕ್ಕ. ತಾಗ್ತು."

"ಹಾಗಾದ್ರೆ ನೀನೇ ಮೊದಲು ನೋಡಿದ್ದು. ಯಾರು ಅಂತಲೂ ಗೊತ್ತು."

ಪಿಸು ಸುಳ್ಳು ಹೇಳುವವಳಲ್ಲ. "ಗೊತ್ತು" ಎಂದಳು.

"ಹೇಳು ಮತ್ತೆ!"

"ಆಗಲ್ಲ. ಅವಳೇ ಬಂದು ಹೇಳ್ತಾಳೆ, ಮಾತು ಕೊಟ್ಟಿದಾಳೆ. ಸ್ವಲ್ಪ ಕಾಯಿ, ಅಷ್ಟು ಸಾಕು."

"ಮಂಡಳಿಯವರು ಕಾಯ್ತಾರಾ? ಇಷ್ಟು ದಿನ ಬೆವರು ಸುರಿಸಿದ್ದೆಲ್ಲ ನೀರುಪಾಲಾಗುತ್ತೆ ಕಣೇ. ನಾನು ನಿನ್ನ ಅಕ್ಕ. ನಂಗೂ ಹೇಳಲ್ವಾ?"

"ನೀನು ಅಕ್ಕ ಆಗಿ ಕೇಳ್ತಿಲ್ಲವಲ್ಲ" ಎಂದಳು ಪಿಸು. ಅಷ್ಟು ಮೆಲ್ಲಗೆ ಅಂದ ಮಾತು ಗಂಟೆಗೆ ಕಪಾಳಕ್ಕೆ ಹೊಡೆದ ಹಾಗೆ ತಾಗಿತು.

ಸಿಟ್ಟು ನೆತ್ತಿಗೇರಿತ್ತು. ಮರುದಿನವೇ ಅವಳು ತರಗತಿ ಪ್ರತಿನಿಧಿಗಳನ್ನೂ ಸೇರಿಸಿ ಸಭೆ ಕರೆದಳು. ಪ್ರಾರ್ಥನಾ ಪ್ರತಿನಿಧಿ ಸಂಘಕ್ಕೆ ಸಹಕರಿಸುತ್ತಿಲ್ಲ, ಅವಳು ಮುಂದುವರಿಯಬೇಕೇ ಬೇಡವೇ ಎಂಬುದಷ್ಟೇ ವಿಷಯ. ಹೀಗೆ ಹೆದರಿಸಿದರೆ ಪಿಸು ಬಾಯಿಬಿಡುತ್ತಾಳೆ ಎಂದು ಅವಳ ಲೆಕ್ಕಾಚಾರ. ಪಿಸು ಬಾಯಿಬಿಡಲಿಲ್ಲ. "ಒಬ್ಬರು ನಂಬಿ ಹೇಳಿದ್ದನ್ನ ನಾನು ಹೇಳೋ ಹಾಗಿಲ್ಲ" ಎಂದಷ್ಟೇ ಹೇಳಿ ಕೂತಳು. ಹಿಂದೆ ಕೂತವರು "ಕೇಳಿಸ್ತಿಲ್ಲ, ಜೋರಾಗಿ" ಎಂದರು. ಅವಳು ಮತ್ತೆ ಹೇಳಲಿಲ್ಲ.

ಆಗ ಉಪಾಧ್ಯಕ್ಷೆ ಎದ್ದಳು. "ಯಾರನ್ನೋ ಕಾಪಾಡ್ತಿದೀನಿ ಅಂತಾಳಲ್ಲ, ಅವಳ ಬೆರಳು ನೋಡಿದ್ರಾ ಯಾರಾದ್ರೂ? ಗಾಜು ಒಡೆದವರ ಕೈಗೇ ಅಲ್ವಾ ಗಾಯ ಆಗೋದು?"

ಎಲ್ಲರ ಕಣ್ಣೂ ಒಮ್ಮೆ ಪಿಸುವಿನ ಬೆರಳಿಗೆ ಹೋಗಿ, ಅಲ್ಲಿಂದ ಗಂಟೆಯ ಮುಖಕ್ಕೆ ಬಂತು. ಇಲ್ಲ, ಗುಡಿಸುವಾಗ ಆದ ಗಾಯ ಅದು, ಅವಳು ಇರುವೆಯನ್ನೂ ದಾಟಿಕೊಂಡು ಹೋಗುವವಳು, ಚಿಕ್ಕಂದಿನಿಂದ ನಾನು ಬಲ್ಲೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತವಳು ನಡುವೆ ಬಾಯಿ ಹಾಕಬಾರದು, ತಂಗಿಯ ಪರ ನಿಂತಳು ಎಂದಾರು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮೇಜಿನ ಮೇಲಿದ್ದ ಕಾಗದಗಳನ್ನು ಸರಿಮಾಡುತ್ತಾ ತಲೆ ತಗ್ಗಿಸಿದಳು.

ಒಂದೊಂದಾಗಿ ಕೈಗಳು ಮೇಲೆದ್ದವು. ಪಿಸು ಪ್ರಾರ್ಥನಾ ಮಂದಿರದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಹೋದಳು.

ಕಾಲೇಜಿನಿಂದ ಹೋಗೆಂದು ಅವಳಿಗೆ ಯಾರೂ ಹೇಳಲಿಲ್ಲ. ಆದರೆ ಊಟದ ಮನೆಯಲ್ಲಿ ಅವಳ ಎಡಬಲದ ಜಾಗ ಖಾಲಿ ಉಳಿಯತೊಡಗಿತು. ಹಿಂದಿನ ಬೆಂಚಿಗೆ ಮೂಗು ಒರೆಸಿಕೊಂಡು ಬರುವವರು ಇಲ್ಲವಾದರು. ಗಾಜಿನ ವಿಷಯ ಬಾಯಿಂದ ಬಾಯಿಗೆ ಹೋಗುತ್ತಾ ಬೆಳೆದು, ಅವಳು ದೇವರನ್ನೇ ನಂಬುವುದಿಲ್ಲವಂತೆ ಎನ್ನುವಲ್ಲಿಗೆ ಬಂತು. ತಿಂಗಳು ತುಂಬುವ ಮೊದಲೇ ಚಿಕ್ಕಮ್ಮ ಬಂದು ಮಗಳ ಹಾಸಿಗೆ ಸುತ್ತಿಸಿ ಕರೆದುಕೊಂಡು ಹೋದರು. ಗಂಟೆ ಅಂದು ಬೇಕೆಂದೇ ಊರೊಳಗೆ ಕೆಲಸ ಹಚ್ಚಿಕೊಂಡಿದ್ದಳು. ಸಂಜೆ ಅವಳ ತಾಯಿ ಫೋನ್ ಮಾಡಿ, "ನೀನಲ್ಲಿ ಇದ್ದೂ ಹೀಗಾಯ್ತಾ?" ಎಂದು ಕೇಳಿದರು. ಬೈದಿದ್ದರೆ ಎದುರಾಡಬಹುದಿತ್ತು. ತಾಯಿ ಬೈಯಲಿಲ್ಲ.

ಮುಂದಿನ ವಾರ ಮೊದಲ ವರ್ಷದ ಹುಡುಗಿಯೊಬ್ಬಳು ಸಂಘದ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅವಳ ಅಣ್ಣ ತೀರಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ವಾಸಿಯಾಗಲಿ ಎಂದು ಕಾಲೇಜಿಗೆ ಕಾಲೇಜೇ ಎಷ್ಟೋ ಬೆಳಗು ಬೇಡಿಕೊಂಡಿತ್ತು. ಆಮೇಲೆ ತಾಯಿಯ ಜೊತೆ ಇರಲೆಂದು ಅವಳು ರಜೆಯ ಮೇಲೆ ಹೋಗಿದ್ದಳು, ಈಗಷ್ಟೇ ಮರಳಿದ್ದಳು.

"ಪಿಸು ಅಕ್ಕನ ಮಂಚದ ಮೇಲೆ ಹಾಸಿಗೆ ಇಲ್ಲ" ಎಂದಳು. "ಎಲ್ಲಿ ಹೋದ್ರು ಅವರು?"

ಗಂಟೆ ಹೇಳಿದಳು. ಹುಡುಗಿ ಬಾಗಿಲಲ್ಲೇ ಕೂತುಬಿಟ್ಟಳು.

"ನಾನು ಒಡೆದಿದ್ದು ಅದನ್ನ. ಅಷ್ಟೊಂದು ಜನ, ಅಷ್ಟೊಂದು ಸಲ ಬೇಡ್ಕೊಂಡ್ವಲ್ಲ, ದೇವರಿಗೆ ಕೇಳಿಸ್ಲೇ ಇಲ್ಲ. ಈಗಾದ್ರೂ ಕೇಳಿಸ್ಲಿ ಅಂತ ಒಡೆದೆ. ಅಕ್ಕ ಬಂದು ಕೈ ಹಿಡ್ಕೊಂಡ್ರು. ಬೈಲಿಲ್ಲ. ಊರಿಗೆ ಹೋಗಿ ಅಮ್ಮನ್ನ ನೋಡ್ಕೊಂಡು ಬಾ, ಬಂದ್ಮೇಲೆ ಇಬ್ರೂ ಹೋಗಿ ಹೇಳೋಣ ಅಂದ್ರು. ನಂಗೆ ಇದೇನೂ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ."

ಮೇಲೆ ತರಗತಿ ಬಿಟ್ಟ ಸದ್ದು ಧಡಧಡನೆ ಇಳಿಯಿತು. ಗಂಟೆ ಬಗ್ಗಿ ಅವಳನ್ನು ಎಬ್ಬಿಸಿದಳು. ಆಮೇಲೆ ಹುಡುಗಿಯ ಮುಖ ತೊಳೆಸಿ, ತಾನೇ ಕೈ ಹಿಡಿದು ಅಮ್ಮನ ಬಳಿಗೆ ಕರೆದುಕೊಂಡು ಹೋದಳು.

ಅಮ್ಮ ಎಲ್ಲ ಕೇಳಿದರು. ಹುಡುಗಿಯನ್ನು ಕಾಲೇಜಿನಿಂದ ತೆಗೆಯಲಿಲ್ಲ. ಹೊಸ ಗಾಜು ಕೂರಿಸುವಾಗ ನೀನೇ ಬಂದು ಏಣಿ ಹಿಡಿಯಬೇಕು ಎಂದಷ್ಟೇ ಹೇಳಿ ಕಳಿಸಿದರು. ಗಂಟೆ ಹಾಗೇ ನಿಂತಿದ್ದಳು.

"ನೀವು ಹೆಸರು ಕೇಳಿದ್ರಿ ಅಮ್ಮ. ಅದಕ್ಕೇ ನಾನು..."

"ಕೇಳಿದೆ. ಕೇಳೋದು ನನ್ನ ಕುರ್ಚಿಯ ಕೆಲಸ. ಆಗಲ್ಲ ಅನ್ನೋದು ನಿನ್ನ ಕುರ್ಚಿಯ ಕೆಲಸ ಆಗಿತ್ತು. ನಿನ್ನಂಥ ಗಂಟಲಿನವಳು ಇಲ್ಲ ಅಂತಾಳೆ, ಆ ಮಾತು ಹಿಡ್ಕೊಂಡು ಮಂಡಳಿಯವರನ್ನ ಸ್ವಲ್ಪ ದಿನ ತಡೀಬಹುದು ಅಂದ್ಕೊಂಡಿದ್ದೆ." ಅವರು ಕಿಟಕಿಯ ಕಡೆ ತಿರುಗಿದರು. "ನಾನೂ ಅದನ್ನ ಬಾಯಿ ಬಿಟ್ಟು ಹೇಳಲಿಲ್ಲ ಬಿಡು. ನಂದೂ ತಪ್ಪಿದೆ."

ಮರುದಿನ ಪ್ರಾರ್ಥನೆಯ ಹೊತ್ತಿಗೆ ಗಂಟೆ ಎದ್ದು ನಿಂತು, ಗಾಜು ಒಡೆದದ್ದು ಪಿಸು ಅಲ್ಲ, ಅದು ಅಂದೇ ತನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ ಎಂದಳು. ಹಿಂದಿನ ಬೆಂಚಿನವರು ಏನಂದಳು ಎಂದು ಪಕ್ಕದವರನ್ನು ಕೇಳಬೇಕಾಯಿತು.

ಆ ಭಾನುವಾರ ಬಸ್ಸು ಹಿಡಿದು ಊರಿಗೆ ಹೋದಳು. ಚಿಕ್ಕಮ್ಮ ನರ್ಸಾಗಿದ್ದ ಆಸ್ಪತ್ರೆಯಲ್ಲೇ ಪಿಸು ವಿಚಾರಣೆಯ ಕಿಂಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ವಾರ್ಡು ಎಲ್ಲಿ, ಡಾಕ್ಟರು ಯಾವಾಗ ಬರುತ್ತಾರೆ ಎಂದು ಕೇಳುವವರ ಸಾಲಿನಲ್ಲಿ ಗಂಟೆಯೂ ನಿಂತಳು. ಅವಳ ಸರದಿ ಬಂದಾಗ ಪಿಸು ನಕ್ಕಳು. ನಗು ಹಳೆಯದೇ. ಇಬ್ಬರೂ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕೂತರು. ಗಂಟೆ ಎಲ್ಲವನ್ನೂ ಹೇಳಿ, ಅತ್ತು, ವಾಪಸು ಬಾ ಎಂದು ಗೋಗರೆದಳು.

"ಬರಲ್ಲ ಅಕ್ಕ. ಅಲ್ಲಿ ಯಾರಾದ್ರೂ ನನ್ನ ಹತ್ರ ಬಂದು ಕೂತ್ರೆ, ಬಾಯಿ ತೆಗೆಯೋಕೆ ಮುಂಚೆ ಅವರಿಗೆ ಇದೆಲ್ಲ ನೆನಪಾಗುತ್ತೆ. ನಂಗೂ ಆಗುತ್ತೆ. ಓದು ಬೇರೆ ಕಡೆ ಮುಗಿಸ್ತೀನಿ."

"ನನ್ನ ಮೇಲೆ ಕೋಪನಾ?"

"ಇಲ್ಲಪ್ಪ." ಪಿಸು ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದಳು. "ಅವತ್ತು ನೀನು ನನ್ನ ಕಡೆ ಒಂದ್ಸಲ ನೋಡಬಹುದಿತ್ತು. ನಾನು ನಿನ್ನೇ ನೋಡ್ತಿದ್ದೆ."

ಅದು ನಿಜಕ್ಕೂ ಕೋಪವಾಗಿದ್ದರೆ ಎಂದಾದರೂ ಆರುತ್ತಿತ್ತು. ಗ್ರಂಥಾಲಯ ರಜಾದಿನವೂ ತೆರೆಯಿತು. ಗಂಟೆ ಓದು ಮುಗಿಸಿ ಬೇರೊಂದು ಊರಿನಲ್ಲಿ ಪಾಠ ಹೇಳಲು ಸೇರಿದಳು. ಪಿಸು ಆಸ್ಪತ್ರೆಯಲ್ಲಿ ಮೇಲಿನ ಕೆಲಸಕ್ಕೆ ಏರಿದಳು. ಇಬ್ಬರ ಮಧ್ಯೆ ಹೋಗಿಬರುವುದು, ಉಡುಗೊರೆ ಕೊಟ್ಟುಕೊಳ್ಳುವುದು ಯಾವುದೂ ನಿಂತಿಲ್ಲ. ಆದರೆ ಪಿಸುವಿಗೆ ಮದುವೆ ಗೊತ್ತಾದದ್ದು, ಒಂದು ಸಲ ಗರ್ಭ ನಿಲ್ಲದೆ ಹೋದದ್ದು, ಅವಳು ವಾರಗಟ್ಟಲೆ ಕೋಣೆಯಿಂದ ಹೊರಗೆ ಬಾರದೆ ಇದ್ದದ್ದು, ಎಲ್ಲವೂ ಗಂಟೆಗೆ ತಿಳಿದದ್ದು ತಾಯಿಯ ಬಾಯಿಂದ, ಅದೂ ಎಲ್ಲ ಆಗಿಹೋದ ಮೇಲೆ.

ಈಗಲೂ ಫೋನ್ ಮಾಡಿದರೆ ಪಿಸು ತಕ್ಷಣ ಎತ್ತುತ್ತಾಳೆ. ಗಂಟೆ ತನ್ನ ಗಂಡನ ಹಟ, ಮಗನ ಕೆಮ್ಮು, ಮೇಲಧಿಕಾರಿಯ ಕಿರಿಕಿರಿ ಎಲ್ಲ ಹೇಳಿಕೊಳ್ಳುತ್ತಾಳೆ. ಪಿಸು ನಡುವೆ ಒಂದು ಮಾತೂ ಆಡದೆ ಕೊನೆಯವರೆಗೂ ಕೇಳುತ್ತಾಳೆ. ಗಂಟೆ ಹೇಳಿದ್ದು ಅಲ್ಲಿಂದ ಇನ್ನೊಂದು ಕಿವಿಗೆ ಎಂದೂ ಹೋಗಿಲ್ಲ.

"ಸರಿ, ನನ್ನದು ಇದ್ದಿದ್ದೇ. ನಿನ್ನ ಕಡೆ ಏನೇ ವಿಶೇಷ?" ಎಂದು ಗಂಟೆ ಉಸಿರು ಹಿಡಿದು ಕೇಳುತ್ತಾಳೆ.

"ಏನಿಲ್ಲ ಅಕ್ಕ. ಎಲ್ಲ ಚೆನ್ನಾಗಿದೆ" ಎನ್ನುತ್ತಾಳೆ ಪಿಸು.