ಮುಚ್ಚಳ ತೆಗೆಯದ ಪೆನ್ನು

ಸಭೆ ಮುಗಿಯುವವರೆಗೆ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ನಮ್ಮ ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತು ಸೇರಿದೊಡನೆ ಚಹಾದ ತಟ್ಟೆಯ ಬೆನ್ನಿಗೇ ಹಾಜರಿ ಪುಸ್ತಕವೂ ಮೇಜಿನ ಸುತ್ತ ಹೊರಡುತ್ತಿತ್ತು. ಇಪ್ಪತ್ತೆರಡು ಮಂದಿ ಪ್ರಾಧ್ಯಾಪಕರು ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಇನ್ನೊಂದರಲ್ಲಿ ಸಹಿ ಗೀಚಿ ಮುಂದಕ್ಕೆ ತಳ್ಳುತ್ತಿದ್ದರು. ಸಂಖ್ಯಾಶಾಸ್ತ್ರದ ಮೇಡಂ ಮಾತ್ರ ಪುಸ್ತಕವನ್ನು ಹಾಗೆಯೇ ಪಕ್ಕದವರಿಗೆ ದಾಟಿಸಿ, "ಮೊದ್ಲು ನಿರ್ಣಯ ಓದಿ" ಎನ್ನುತ್ತಿದ್ದರು. ಹಾಜರಿಯ ಆ ಸಹಿಗಳನ್ನೇ ನಡಾವಳಿಗೆ ಲಗತ್ತಿಸಿ, ಆಮೇಲೆ ಕಚೇರಿಯಲ್ಲಿ ಕುಳಿತು "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಬರೆದುಕೊಳ್ಳುವ ರೂಢಿಯನ್ನು ಅವರು ಚೆನ್ನಾಗಿ ಬಲ್ಲರು.

ಗಿಡ್ಡ ದೇಹ, ತುಸು ಎಳೆಯುವ ಬಲಗಾಲು, ಸೆಕೆಗಾಲದಲ್ಲೂ ಮೈಬಿಡದ ಬೂದು ಕೋಟು, ಅದರ ಜೇಬಿನಲ್ಲಿ ಮಡಿಸಿ ಮಡಿಸಿ ಹರಿದ ನಿಯಮಾವಳಿ. ಕಾರಿಡಾರಿನಲ್ಲಿ ಆ ಹೆಜ್ಜೆಯ ಸದ್ದು ಕೇಳಿದರೆ ಸಹೋದ್ಯೋಗಿಗಳು, "ಬಂತಪ್ಪ! ಇವತ್ತು ಊಟ ಮೂರು ಗಂಟೆಗೇ" ಎಂದು ನಗುತ್ತಿದ್ದರು. ಮೇಡಂ ಜೊತೆಯಲ್ಲೇ ವಾಸವಿದ್ದ ಅವರ ಅಕ್ಕ ಒಮ್ಮೆ ನನಗೆ ಹೇಳಿದ್ದರು: "ಮನೇಲೂ ಹೀಗೇ ಕಣಮ್ಮ. ಔಷಧಿ ಡಬ್ಬಿ ಮೇಲಿನ ಚೀಟಿ ಪೂರ್ತಿ ಓದ್ದೆ ಮಾತ್ರೆ ನುಂಗಲ್ಲ. ಅಷ್ಟರಲ್ಲಿ ಜ್ವರಾನೇ ಇಳಿದಿರತ್ತೆ."

ತೌಲನಿಕ ಸಾಹಿತ್ಯದ ವಿದ್ಯಾರ್ಥಿನಿಯಾದ ನನಗೆ, ವಿದ್ಯಾರ್ಥಿ ಪ್ರತಿನಿಧಿಯೆಂದು, ಪರಿಷತ್ತಿನ ಕಟ್ಟಕಡೆಯ ಕುರ್ಚಿ ಸಿಕ್ಕಿತ್ತು. ಮೊದಲ ಸಭೆಯಲ್ಲಿ ಹಿಗ್ಗಿನಿಂದಲೇ ಸಹಿ ಹಾಕಿದೆ. ಮೇಡಂ ನನ್ನತ್ತ ಬಾಗಿದರು.

"ಯಾತಕ್ಕಮ್ಮ ಸಹಿ ಹಾಕ್ದೆ?"

"ಹಾಜರಿಗೆ, ಮೇಡಂ."

"ಒಂಬತ್ತನೇ ವಿಷಯ ಓದಿದ್ಯಾ?"

ಓದಿರಲಿಲ್ಲ. "ವಿಭಾಗಗಳ ಪುನರ್‌ವ್ಯವಸ್ಥೆ" ಎಂಬ ಸೌಮ್ಯ ಶೀರ್ಷಿಕೆಯಡಿ ಮುಚ್ಚಲು ಹೊರಟಿದ್ದುದು ನನ್ನದೇ ವಿಭಾಗವನ್ನು: ಮೂವರು ಅಧ್ಯಾಪಕರು, ಹತ್ತೊಂಬತ್ತು ವಿದ್ಯಾರ್ಥಿಗಳು, ಗೋಡೆ ತುಂಬ ನಿಘಂಟುಗಳ ಒಂದು ಕೋಣೆ. ಕಾದಂಬರಿಯೊಂದನ್ನೂ ಪೂರ್ತಿ ಓದಿಲ್ಲವೆಂದು ಹೇಳಿಕೊಳ್ಳುತ್ತಿದ್ದ ಮೇಡಂ ಅದರ ಪರವಾಗಿ ನಲವತ್ತು ನಿಮಿಷ ಒಬ್ಬರೇ ವಾದಿಸಿದರು. "ಆ ವಿಭಾಗದವರನ್ನ ಒಂದು ಮಾತು ಕೇಳಿದ್ರಾ?" ಎಂದಾಗ ಅಧ್ಯಕ್ಷರು ಗಡಿಯಾರ ನೋಡಿದರು. ಮೇಡಂ ಸಹಿ ಹಾಕದೆ ಎದ್ದುಹೋದರು.

ಮುಂದಿನ ತಿಂಗಳು ನಡಾವಳಿ ಬಂತು. ನಿರ್ಣಯ ಸರ್ವಾನುಮತದ್ದು. ಗೈರುಹಾಜರಾದವರು ಒಬ್ಬರೇ: ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು.

"ಅವತ್ತು ನಾನು ಬಂದಿರ್ಲಿಲ್ವಾ?" ಎಂದು ಮೇಡಂ ಸಭೆಯನ್ನು ಕೇಳಿದರು.

ಅಧ್ಯಕ್ಷರು ಮೃದುವಾಗಿ, "ಸಹಿ ಇಲ್ವಲ್ಲ ಮೇಡಂ. ದಾಖಲೆ ಮುಖ್ಯ ಅಂತ ನೀವೇ ಹೇಳ್ತೀರಿ" ಎಂದರು. ಯಾರೋ ಕಿಸಕ್ಕೆಂದರು.

"ಬಂದಿದ್ರು ಅಂತ ಯಾರಾದ್ರೂ ಒಬ್ರು ಹೇಳಿ, ಸಾಕು."

ಇಪ್ಪತ್ತೆರಡು ತಲೆಗಳು ಚಹಾದ ಬಟ್ಟಲುಗಳತ್ತ ಬಾಗಿದವು. ಅಂದು ವಾದದ ನಡುವೆ ಅವರಿಗೆ ನೀರಿನ ಲೋಟ ಸರಿಸಿಕೊಟ್ಟಿದ್ದ ಭೌತಶಾಸ್ತ್ರದವರೂ ಬಾಗಿದರು. ನಾನು ಎದ್ದು, "ಬಂದಿದ್ರು" ಎಂದೆ.

"ಕೂತ್ಕೊಳಮ್ಮ. ನಿಮ್ಮ ವಿಭಾಗ ಮುಚ್ಚೋದಕ್ಕೆ ನಿನ್ನ ಸಹಿನೂ ಇದೆ" ಎಂದರು ಅಧ್ಯಕ್ಷರು. ನನ್ನ ಕಿವಿ ಇಂದಿಗೂ ಆ ಮಾತಿಗೆ ಉರಿಯುತ್ತದೆ.

ಆಗ ಮೇಡಂ, ಮೊತ್ತಮೊದಲ ಬಾರಿಗೆ ಸಭೆಯ ಆರಂಭದಲ್ಲೇ, ಪೆನ್ನಿನ ಮುಚ್ಚಳ ತೆಗೆದರು, ಹಾಜರಿ ಪುಸ್ತಕ ಎಳೆದುಕೊಂಡು ಬರೆದರು: "ಬಂದಿದ್ದೇನೆ. ಒಪ್ಪಿಲ್ಲ."

"ಮೇಡಂ, ಆ ಕಾಲಂನಲ್ಲಿ ಅಷ್ಟು ಜಾಗ ಇಲ್ಲ" ಎಂದರು ಗುಮಾಸ್ತರು.

"ಅಂಚಿಗೆ ಬರೀತೀನಿ ಬಿಡಿ."

ವಿಭಾಗ ಉಳಿಯಲಿಲ್ಲ. ನಿಘಂಟುಗಳನ್ನು ಗೋಣಿಚೀಲಗಳಲ್ಲಿ ಸಾಗಿಸಿದರು. ವಿದ್ಯಾಪೀಠಗಳು ಸ್ವಾಯತ್ತತೆಯೆಂದು ಹಾಡಿ ಹೊಗಳಿಕೊಳ್ಳುವುದೆಲ್ಲ ಇಂಥ ಒಬ್ಬಿಬ್ಬರ ಹಟದ ಮೇಲೆ ನಿಂತಿರುತ್ತದೆ. ಅವರನ್ನೇ ನಾವು ತಲೆನೋವೆಂದು ಕರೆದು, ನಿವೃತ್ತಿಯ ದಿನ ಹಾರ ಹಾಕಿ ಕಳಿಸುತ್ತೇವೆ. ಅವರನ್ನು ಸೋಲಿಸಲು ದೊಡ್ಡ ಖಳನೊಬ್ಬ ಬರಬೇಕಿಲ್ಲ. ಊಟಕ್ಕೆ ಹೊತ್ತಾಯಿತೆನ್ನುವ ಇಪ್ಪತ್ತೆರಡು ಸಜ್ಜನರೂ, ಓದದೆ ಸಹಿ ಹಾಕುವ ಒಬ್ಬ ವಿದ್ಯಾರ್ಥಿನಿಯೂ ಇದ್ದರೆ ಸಾಕು.