ತಾಯಿಗೂ ಹೀಗೇ ಶುರುವಾಗಿತ್ತು

ಅಕ್ಟೋಬರ್ ತಿಂಗಳ ಬೆಳಗು. ವಿಸ್ಕಾನ್ಸಿನ್‌ನಲ್ಲಿ ಕ್ರ್ಯಾನ್‌ಬೆರಿ ಎಂಬ ಹುಳಿಹಣ್ಣಿನ ಗದ್ದೆಗಳಿಗೆ ಕೊಯ್ಲಿಗೆಂದು ನೀರು ಕಟ್ಟಿಯಾಗಿತ್ತು. ಬಳ್ಳಿಯಿಂದ ಕಳಚಿದ ಹಣ್ಣು ನೀರಿನ ಮೇಲೆ ತೇಲಿ, ದಡದಿಂದ ದಡಕ್ಕೆ ಕೆಂಪು ಕಂಬಳಿ ಹಾಸಿದ ಹಾಗಿತ್ತು. ಸೊಂಟಮಟ್ಟದ ಆ ತಣ್ಣೀರಿನಲ್ಲಿ ನಿಂತು ಆರ್ಡಿಸ್ ಉದ್ದನೆಯ ಕೋಲಿನಿಂದ ಹಣ್ಣನ್ನು ಅದನ್ನು ಹೀರಿ ಮೇಲೆತ್ತುವ ಕೊಳವೆಯ ಬಾಯಿಗೆ ತಳ್ಳುತ್ತಿದ್ದಳು. ಪಾದದಿಂದ ಎದೆಯವರೆಗೆ ಒಂದೇ ತುಂಡಿನ ರಬ್ಬರ್ ಉಡುಪು. ಒಂದಕ್ಕೆ ಹೋಗಬೇಕಾದರೆ ದಡ ಹತ್ತಬೇಕು, ಕೋಟು ಕಳಚಬೇಕು, ಹೆಗಲ ಪಟ್ಟಿ ಬಿಚ್ಚಬೇಕು. ಚಳಿಗೆ ಮರಗಟ್ಟಿದ ಬೆರಳುಗಳು ಇಷ್ಟೆಲ್ಲ ಮಾಡಿ ಮುಗಿಸುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತಿತ್ತು.

ಹಿಂದೆಲ್ಲ ಬೆಳಗ್ಗೆ ನೀರಿಗಿಳಿದರೆ ಊಟದ ಹೊತ್ತಿಗೇ ಮೇಲೆ ಬರುತ್ತಿದ್ದವಳು. ಈ ವರ್ಷ ಕೋಲು ಹಿಡಿದು ನಿಲ್ಲುವ ಮೊದಲೇ ಮತ್ತೆ ದಡ ನೋಡುವಂತಾಗಿತ್ತು.

"ಏನಮ್ಮ ಆರ್ಡಿಸ್, ಮತ್ತೆ ಹೊರಟ್ಯಾ?" ಮೈದುನ ಗಾರ್ಡಿ ಆ ಬದಿಯಿಂದ ಕೂಗಿದ. "ನೀನ್ ಹತ್ತಿ ಇಳಿದೇ ದಡ ಕುಸಿಯತ್ತೆ ನೋಡ್ತಿರು!"

"ನಿನ್ ಬಾಯಿ ಒಂದ್ ಗಳಿಗೆ ನಿಲ್ಲಲಿ, ನನ್ ಕಾಲೂ ನಿಲ್ಲತ್ತೆ. ಸುಮ್ನೆ ಹಣ್ಣು ತಳ್ಳು," ಎಂದಳು ಆರ್ಡಿಸ್. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಆ ನಗು ದಡದವರೆಗೂ ಉಳಿಯಲಿಲ್ಲ.

ಯಾಕೆಂದರೆ ಅವಳ ಹೆತ್ತ ತಾಯಿಗೂ ಹೀಗೇ ಶುರುವಾಗಿತ್ತು. ಊಟದ ಮಧ್ಯೆ ಏಳುವುದು, ಹಸುವಿನ ಹಾಲು ಕರೆಯುತ್ತಲೇ ಓಡುವುದು. ಮನೆಯವರೆಲ್ಲ ಆಡಿಕೊಂಡು ನಗುತ್ತಿದ್ದರು, ಆರ್ಡಿಸ್ ಕೂಡ. ಆಮೇಲೆ ತಾಯಿಯ ಲಂಗ ಸೊಂಟಕ್ಕೆ ಬಿಗಿಯಾಯಿತು. ಡಾಕ್ಟರು ಅಂಡಾಶಯದಲ್ಲಿ ಕ್ಯಾನ್ಸರ್ ಎಂದಾಗ ಕೈ ಮೀರಿತ್ತು. ಮುಂದಿನ ಈಸ್ಟರ್ ಹಬ್ಬಕ್ಕೆ ತಾಯಿ ಇರಲಿಲ್ಲ. ಈಗ ಆರ್ಡಿಸ್‌ಗೆ ಹೆಚ್ಚುಕಡಿಮೆ ಅದೇ ವಯಸ್ಸು. ಅವಳ ಪ್ಯಾಂಟಿನ ಗುಂಡಿಯೂ ಈಚೆಗೆ ಕೂಡುತ್ತಿರಲಿಲ್ಲ. ಪಿನ್ನು ಚುಚ್ಚಿ ಮೇಲೆ ಅಂಗಿ ಇಳಿಬಿಡುತ್ತಿದ್ದಳು. ಗಂಡ ರಾಯ್ಸ್‌ಗೂ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

ಅತ್ತೆ ವೆರ್ನಾಗೆ ಮಾತ್ರ ಅವಳ ಓಡಾಟ ಕಣ್ಣಿಗೆ ಬಿದ್ದಿತ್ತು. ಮದ್ದು ಅವರಲ್ಲಿ ಸಿದ್ಧವೇ ಇತ್ತು. ಗದ್ದೆಯ ಹಣ್ಣನ್ನು ಕುದಿಸಿ ಹಿಂಡಿದ ರಸ. ಸಕ್ಕರೆ ಹಾಕಿದರೆ ಅದಕ್ಕೆ ಅವಮಾನ.

"ಗಟಗಟ ಕುಡಿದುಬಿಡು. ಮುಖ ಹುಳ್ಳಗೆ ಮಾಡ್ಬೇಡ."

"ಡಾಕ್ಟರ ಹತ್ರ ಒಂದ್ಸಲ ಹೋಗಿ ಬರ್ಲಾ ಅಮ್ಮ?"

"ಡಾಕ್ಟರಾ? ಊರಿಗೆಲ್ಲ ಮೂತ್ರದ ಉರಿಗೆ ರಸ ಕೊಟ್ಟವರು ನಾವು. ನಮ್ಮನೆ ಸೊಸೆನೇ ಅದಕ್ಕೆ ಆಸ್ಪತ್ರೆ ಮೆಟ್ಲು ಹತ್ತಿದ್ರೆ ಜನ ಏನಂತಾರೆ? ನಮ್ ಹಣ್ಣಿನ ಮೇಲೆ ನಮಗೇ ನಂಬಿಕೆ ಇಲ್ಲ ಅನ್ನಲ್ವಾ?"

ಆ ಊರಿನಲ್ಲಿ ಹಣ್ಣನ್ನು ಅನುಮಾನಿಸುವುದೆಂದರೆ ಹಿರಿಯರನ್ನು ಅನುಮಾನಿಸಿದ ಹಾಗೆ. ಆರ್ಡಿಸ್ ಕುಡಿದಳು. ಓಡಾಟ ಕಡಿಮೆಯಾಗಲೆಂದು ನೀರು ಕುಡಿಯುವುದನ್ನೇ ಬಿಟ್ಟಳು. ಅವಸರ ಮಾತ್ರ ಇನ್ನೂ ಏರಿತು. ಭಾನುವಾರ ಚರ್ಚಿನಲ್ಲಿ ಕೊನೆಯ ಬೆಂಚಿನ ಅಂಚಿಗೆ ಕೂತು, ಪಾದ್ರಿಗಳು ಲೋಕಕ್ಕೆಲ್ಲ ಶಾಂತಿ ಬೇಡುವಾಗ ಅವಳು ಬೇಡಿದ್ದು ಇಷ್ಟೇ: ದೇವರೇ, ಅದೊಂದು ಆಗಿರದಿರಲಿ.

ಬುಧವಾರ ಮಧ್ಯಾಹ್ನ ಅವಳು ದಡ ಮುಟ್ಟಲಿಲ್ಲ. ತೇಲುವ ಹಣ್ಣು ಸೊಂಟಕ್ಕೆ ಒತ್ತಿಕೊಂಡು ಬಂದಿತ್ತು, ಹೆಜ್ಜೆ ಕಿತ್ತಿಡುವುದೇ ಕಷ್ಟ. ಉಡುಪಿನೊಳಗೆ ಬಿಸಿಯಾಗಿ ಇಳಿದದ್ದು ಕ್ಷಣದಲ್ಲಿ ತಣ್ಣಗಾಯಿತು. ಸುತ್ತ ಅಷ್ಟು ನೀರಿರುವಾಗ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಆರ್ಡಿಸ್ ಕೋಲು ಕೈಬಿಟ್ಟಳು. ತಾಯಿ ಒಮ್ಮೆ ಕೊಟ್ಟಿಗೆಯ ಹಿಂದೆ ಒದ್ದೆ ಲಂಗ ಹಿಂಡುತ್ತಿದ್ದುದು ಕಣ್ಣೆದುರು ಬಂತು.

ದಡದ ಮೇಲೆ ವೆರ್ನಾ ಹಣ್ಣಿನ ಕಸ ಆರಿಸುತ್ತಿದ್ದರು. ಆರ್ಡಿಸ್ ನೇರ ಅವರ ಮುಂದೆ ಹೋಗಿ ನಿಂತಳು.

"ಅಮ್ಮ, ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು."

ವೆರ್ನಾ ಅವಳ ಮುಖ ನೋಡಿದರು. ರಬ್ಬರ್ ಉಡುಪಿನಡಿ ಉಬ್ಬಿದ ಹೊಟ್ಟೆ ನೋಡಿದರು. ಕೈಯಲ್ಲಿದ್ದ ಹಣ್ಣು ಹಾಗೇ ಉದುರಿತು. ಕೊಯ್ಲಿನ ದಿನ ಗದ್ದೆ ಬಿಟ್ಟು ಕದಲಿದವರಲ್ಲ ಅವರು. ಈಗ ಕೋಟಿನ ಜೇಬಿನಿಂದ ಪಿಕಪ್ಪಿನ ಕೀಲಿ ತೆಗೆದು, "ಬಟ್ಟೆ ಬದಲಾಯ್ಸು, ನಡಿ," ಎಂದರು. ಪಿಕಪ್ಪು ನೇರ ಆಸ್ಪತ್ರೆಯ ಮುಂದೆ ಹೋಗಿ ನಿಂತಿತು.

ಡಾಕ್ಟರ್ ಲಿಂಡಾಲ್ ಸಮಾಧಾನದ ಹೆಂಗಸು. ಆರ್ಡಿಸ್ ತಾಯಿಯ ವಿಷಯ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಮೂತ್ರ ನೋಡಿ, ಸೋಂಕಿಲ್ಲ, ಸಕ್ಕರೆಯೂ ಇಲ್ಲ ಎಂದರು. ಅದಾಗಿದ್ದರೇ ಚೆನ್ನಾಗಿತ್ತಲ್ಲ ಎನಿಸಿತು ಆರ್ಡಿಸ್‌ಗೆ.

"ದಿನಾ ಏನೇನು ಕುಡೀತೀರಿ?"

ಉತ್ತರ ಕೊಟ್ಟವರು ವೆರ್ನಾ. "ನಮ್ದೇ ರಸ. ಅಪ್ಪಟ. ಬೆಳಗ್ಗೆ ಒಂದ್ ಜಗ್ಗು, ಸಂಜೆ ಒಂದ್ ಜಗ್ಗು."

"ನೀರು ಕುಡಿಯೋದ್ ಬಿಟ್ಟಿದ್ದೀನಿ," ಎಂದಳು ಆರ್ಡಿಸ್.

"ಒಂದಷ್ಟು ದಿನ ನಿಲ್ಲಿಸಿ ನೋಡೋಣ. ಅಷ್ಟು ಹುಳಿ ಕೆಲವರ ಮೂತ್ರಕೋಶನ ಇನ್ನೂ ಕೆರಳಿಸತ್ತೆ. ನೀರು ಬಿಟ್ಟಿದ್ದೂ ತಪ್ಪು."

ವೆರ್ನಾ ಮುಖ ತಿರುಗಿಸಿದರು. ಗೋಡೆಯನ್ನೇ ನೋಡುತ್ತ ಕೂತರು.

ಹೊಟ್ಟೆಯೊಳಗಿನ ಚಿತ್ರ ತೆಗೆಯಬೇಕು, ಅದಕ್ಕೆ ಮೂತ್ರಕೋಶ ತುಂಬಿರಬೇಕು ಎಂದು ನರ್ಸು ಲೋಟದ ಮೇಲೆ ಲೋಟ ನೀರು ಕೊಟ್ಟಳು. ನಿಮಿಷ ಹೊತ್ತೂ ತಡೆಯಲಾರದವಳು ಬೆಂಚಿನ ಮೇಲೆ ಕಾಲು ಬಿಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು. ಕತ್ತಲೆಕೋಣೆಯಲ್ಲಿ ಯಂತ್ರದ ಹುಡುಗಿ ಹೊಟ್ಟೆಗೆ ತಣ್ಣನೆಯ ಲೇಪ ಸವರಿ ಒತ್ತಿದಳು. ಒಂದು ಕಡೆ ನಿಂತಳು. ಅಲ್ಲೇ ಮತ್ತೆ ಒತ್ತಿದಳು.

"ಏನಾದ್ರೂ ಇದೆಯಾ?"

"ಡಾಕ್ಟರು ಹೇಳ್ತಾರೆ," ಎಂದಳು ಹುಡುಗಿ, ಮುಖ ತಿರುಗಿಸದೆ.

ಆ ಉತ್ತರದಲ್ಲಿ ಆರ್ಡಿಸ್ ತನ್ನ ಸಮಾಧಿಯನ್ನೇ ಕಂಡಳು. ಕಲಿತ ಪ್ರಾರ್ಥನೆ ಒಂದೂ ನೆನಪಾಗಲಿಲ್ಲ. "ಕೈ ಬಿಡಬೇಡ, ಕೈ ಬಿಡಬೇಡ," ಎಂದಷ್ಟೇ ಉಸಿರಿನ ಜೊತೆ ಬರುತ್ತಿತ್ತು. ಮನಸ್ಸು ಬರಿದಾದಾಗ ಬಾಯಿಗೆ ಬರುವ ಅಷ್ಟು ಮಾತೇ ದೇವರಿಗೆ ಸಾಕೇನೋ.

ಮತ್ತೆ ಡಾಕ್ಟರ ಕೋಣೆಯಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತರು. ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದನ್ನು ಕಂಡೇ ಆರ್ಡಿಸ್‌ಳ ಕಿವಿ ಗುಂಯ್‌ಗುಟ್ಟಿತು.

"ಗರ್ಭಕೋಶದ ಮುಂಭಾಗದಲ್ಲಿ ಒಂದು ಗಡ್ಡೆ ಇದೆ, ಕಿತ್ತಳೆ ಹಣ್ಣಿನಷ್ಟು. ಮೂತ್ರಕೋಶದ ಮೇಲೇ ಭಾರ ಹಾಕ್ಕೊಂಡು ಕೂತಿದೆ. ಇಂಥದ್ದು ತುಂಬ ಹೆಂಗಸರಿಗೆ ಆಗತ್ತೆ. ಕ್ಯಾನ್ಸರ್ ಥರ ಏನೂ ಕಾಣ್ತಿಲ್ಲ. ಅಂಡಾಶಯ ಎರಡೂ ಚೆನ್ನಾಗಿವೆ. ಗಡ್ಡೆಗೆ ಏನು ಮಾಡೋದು ಅಂತ ಆಮೇಲೆ ಕೂತು ಮಾತಾಡೋಣ."

ಗಡ್ಡೆ ಎಂಬ ಮಾತಿನ ಆಚೆಗೆ ಆರ್ಡಿಸ್‌ಗೆ ಏನೂ ಕೇಳಿಸಿರಲಿಲ್ಲ.

"ಇನ್ನೊಂದ್ ಸಲ ಹೇಳಿ ಡಾಕ್ಟ್ರೇ. ಗಡ್ಡೆ ಆದ್ಮೇಲೆ ಏನಂದ್ರಿ?"

"ಅಂಡಾಶಯ ಎರಡೂ ಚೆನ್ನಾಗಿವೆ. ನಿಮ್ಮ ತಾಯಿಗೆ ಬಂದಿದ್ದು ಇದಲ್ಲ."

ಆರ್ಡಿಸ್‌ಳ ಮುಂಗೈಯನ್ನು ಯಾರೋ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. ತಿರುಗಿ ನೋಡಿದರೆ ವೆರ್ನಾ.

"ನಂಗೂ ಸರಿಯಾಗಿ ಕೇಳಿಸ್ಲಿಲ್ಲ," ಎಂದರು ವೆರ್ನಾ, ಸಣ್ಣ ದನಿಯಲ್ಲಿ. "ಇನ್ನೊಮ್ಮೆ ಹೇಳಿ ಡಾಕ್ಟ್ರೇ."